ಮೂವತ್ತೆರಡನೇ ದಾರಿ

ಲೆಮಿಂಗ್ಟನ್ ಸ್ಪಾ
ಭಾನುವಾರ, ೧೬ ನವೆಂಬರ್ ೨೦೨೫

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಚಳಿ ಶುರುವಾಯಿತಲ್ಲ, ಮಂಡಿ ನೋವು ಮತ್ತೆ ಕಾಡುತ್ತಿದೆಯಾ? ಬಿ.ಪಿ. ಮಾತ್ರೆಯನ್ನು ನೀನು ದಿನ ಬಿಟ್ಟು ದಿನ ನುಂಗುತ್ತಿದ್ದೀಯ ಅಂತ ಪುಟ್ಟಮ್ಮ ಚಿಕ್ಕಮ್ಮ ಮೊನ್ನೆ ಫೋನಿನಲ್ಲಿ ಚಾಡಿ ಹೇಳಿದಳು. ಹಾಗೆ ಮಾಡಬೇಡ. ನಾಳೆ ತಿದ್ದಿದರಾಯಿತು ಅನ್ನೋಕೆ ಅದೇನು ನಿನ್ನ ಒಂಬತ್ತನೇ ತರಗತಿಯ ಹಿಂದಿ ಪೇಪರ್ ಅಲ್ಲ. ಚಿಕ್ಕಮ್ಮನನ್ನು ಬೈಯಲೂ ಬೇಡ, ನಾನೇ ಕೆದಕಿ ಕೇಳಿದ್ದು. ನಾನು ಚೆನ್ನಾಗಿದ್ದೇನೆ. ಎರಡು ವಾರ ಕೆಮ್ಮು ಇತ್ತು, ಇಲ್ಲಿನ ಜಿ.ಪಿ. ಡಾಕ್ಟರ ಹತ್ತಿರ ಹೋದರೆ ಬಿಸಿನೀರು ಕುಡಿ ಅಂದು ಕಳಿಸಿದರು. ನೀನು ಕಟ್ಟಿಕೊಟ್ಟ ಕಾಳುಮೆಣಸಿನ ಪುಡಿ ಇನ್ನೂ ಇದೆ, ಕೆಮ್ಮು ಅದರ ಕಷಾಯಕ್ಕೇ ಹೋಯಿತು. ಇಲ್ಲಿ ಈಗ ಸಂಜೆ ನಾಲ್ಕೂವರೆಗೆಲ್ಲ ಕತ್ತಲು.

ಇದನ್ನು ವಾಟ್ಸಾಪಿನಲ್ಲಿ ಬರೆಯಬಹುದಿತ್ತು. ಆದರೆ ಉದ್ದದ್ದು ಬಂದರೆ ನೀನು ಕನ್ನಡಕ ಹುಡುಕುವ ಸೋಮಾರಿತನಕ್ಕೆ ಫೋನನ್ನು ಚಿಕ್ಕಮ್ಮನ ಕೈಗೆ ಕೊಟ್ಟು ಓದಿಸುತ್ತೀಯ. ಇದನ್ನು ಮಾತ್ರ ನೀನೊಬ್ಬಳೇ ಓದಬೇಕು. ಓದಿದ ಮೇಲೆ ಯಾರಿಗೆ ತೋರಿಸುತ್ತೀಯೋ ಬಿಡುತ್ತೀಯೋ ನಿನ್ನಿಷ್ಟ. ಮೂರು ತಿಂಗಳಿಂದ ನಾನು ಫೋನಿನಲ್ಲಿ ಎರಡು ಮಾತಾಡಿ ಇಡುತ್ತಿದ್ದೆನಲ್ಲ, ಕೆಲಸದ ಒತ್ತಡ ಅಂತ ಹೇಳುತ್ತಿದ್ದೆನಲ್ಲ, ಅದು ಪೂರ್ತಿ ಸುಳ್ಳಲ್ಲ. ಆದರೆ ನಿಜವೂ ಅಲ್ಲ. ಅಪ್ಪನ ವಿಷಯ ಅದು.

ಮೊದಲಿಂದ ಹೇಳುತ್ತೇನೆ. ನಮ್ಮ ಸ್ಟುಡಿಯೊದಲ್ಲಿ ಈ ವರ್ಷ ಮಾಡುತ್ತಿರುವ ವಿಡಿಯೊ ಗೇಮ್‌ಗೆ ಒಂದು ಮರವೇ ಭೂಪಟ. ನಿಜವಾದ ಮರವಲ್ಲ, ಒಂದು ಚಿತ್ರ. ಹತ್ತು ವೃತ್ತಗಳು, ಅವನ್ನು ಸೇರಿಸುವ ಇಪ್ಪತ್ತೆರಡು ಗೆರೆಗಳು. ಇದು ಯಹೂದಿಗಳ ಕಬ್ಬಾಲಾ ಅನ್ನುವ ಗುಟ್ಟಿನ ವಿದ್ಯೆಯಿಂದ ಬಂದದ್ದು. ದೇವರು ತನ್ನ ಬೆಳಕನ್ನು ಹತ್ತು ಹಂತದಲ್ಲಿ ಈ ನೆಲದವರೆಗೆ ಇಳಿಸಿದ ಅಂತ ಅವರ ಲೆಕ್ಕ. ವೃತ್ತ ಹತ್ತು, ಗೆರೆ ಇಪ್ಪತ್ತೆರಡು, ಒಟ್ಟು ಮೂವತ್ತೆರಡು ದಾರಿ. ಎಲ್ಲಕ್ಕಿಂತ ಕೆಳಗಿನ ವೃತ್ತ ನಾವು ನಿಂತಿರುವ ಈ ಲೋಕ. ಅಲ್ಲಿಂದ ಮೇಲಿನ ವೃತ್ತಕ್ಕೆ, ಚಂದ್ರನ ಲೋಕಕ್ಕೆ, ಹೋಗುವ ಗೆರೆಯೇ ಮೂವತ್ತೆರಡನೇ ದಾರಿ. ಆ ಒಂದು ದಾರಿಯನ್ನು ಚಿತ್ರಿಸುವ ಕೆಲಸ ನನ್ನ ಪಾಲಿಗೆ ಬಂತು. ಆಕಾಶ, ನೆಲ, ಗಿಡ, ಕಲ್ಲು ಎಲ್ಲ ನಾನೇ.

ಪುಸ್ತಕದ ಚಿತ್ರ ನೋಡಿ ಬಿಡಿಸಿದ್ದೆಲ್ಲ ಸತ್ತ ಹಾಗೆ ಕಾಣುತ್ತಿತ್ತು. ಇವತ್ತಿಗೂ ಇದನ್ನು ಆಚರಿಸುವವರು ಇದ್ದಾರೆ, ಹೋಗಿ ನೋಡು ಅಂದರು ನಮ್ಮ ಮುಖ್ಯಸ್ಥರು. ಹಾಗೆ ಜೂನ್‌ನಲ್ಲಿ ಕೊವೆಂಟ್ರಿಗೆ ಹೋದೆ. ನೀನು ಹೆದರಬೇಡ, ಮಾಟ ಮಂತ್ರದವರ ಗುಹೆಯಲ್ಲ ಅದು. ಒಂದು ಸಮುದಾಯ ಭವನದ ಮೇಲಿನ ಕೊಠಡಿ. ಶನಿವಾರ ಮಧ್ಯಾಹ್ನ ಮೂರಕ್ಕೆ ಸೇರುತ್ತಾರೆ. ಕೆಳಗಿನ ಹಾಲಿನಲ್ಲಿ ಅದೇ ಹೊತ್ತಿಗೆ ಚಿಕ್ಕ ಮಕ್ಕಳ ಕರಾಟೆ ಕ್ಲಾಸು, ಆ ಮಕ್ಕಳ ಕೂಗು ನೆಲದ ಹಲಗೆ ತೂರಿ ಬರುತ್ತಿರುತ್ತದೆ. ನಡೆಸುವವರು ಮೊರೀನ್ ಅಂತ, ಎಪ್ಪತ್ತು ದಾಟಿದ ಹೆಂಗಸು, ನಿನ್ನ ಹಾಗೇ ಶಾಲೆಯಲ್ಲಿದ್ದವರು, ಆಫೀಸಿನಲ್ಲಿ. ಬರುವವರು ಏಳೆಂಟು ಜನ. ಇಲ್ಲಿ ಟ್ಯಾರೋ ಎಲೆ ಹಾಕಿ ಭವಿಷ್ಯ ಹೇಳುವವರು, ಗಿಡಮೂಲಿಕೆ ಸುಟ್ಟು ಪೂಜೆ ಮಾಡುವವರು, ಮಂತ್ರವಾದಿ ಅಂತ ಹೆಸರಿಟ್ಟುಕೊಂಡವರು, ಎಲ್ಲರ ಗೋಡೆಯ ಮೇಲೂ ಈ ಮರ ಇರುತ್ತದೆಯಂತೆ. ಯಹೂದಿಗಳಿಂದ ಇದನ್ನು ಕ್ರಿಶ್ಚಿಯನ್ ಪಂಡಿತರು ಎತ್ತಿಕೊಂಡರು, ಅವರಿಂದ ನೂರಿಪ್ಪತ್ತು ನೂರಮೂವತ್ತು ವರ್ಷದ ಹಿಂದೆ ಇಂಗ್ಲೆಂಡಿನ ರಹಸ್ಯ ಕೂಟಗಳು ಎತ್ತಿಕೊಂಡವು, ನಾವು ಅವರ ಮರಿಮಕ್ಕಳು ಅಂತ ಮೊರೀನ್ ಮುಚ್ಚುಮರೆ ಇಲ್ಲದೆ ಹೇಳಿದರು. ನಮ್ಮ ಸಾಂಬಾರ ಬಟ್ಟಲಿದ್ದ ಹಾಗೆ, ಅಮ್ಮ. ಹತ್ತು ಬಟ್ಟಲು. ಗ್ರಹ, ಬಣ್ಣ, ಧೂಪ, ಹರಳು, ಸಿಕ್ಕಿದ್ದನ್ನೆಲ್ಲ ಒಂದೊಂದು ಬಟ್ಟಲಿಗೆ ಹಾಕಿಟ್ಟಿದ್ದಾರೆ. ಅವರು ಕೊಟ್ಟ ಪಟ್ಟಿಯ ಕೊನೆಯ ಸಾಲಿನಲ್ಲಿ ನಮ್ಮ ಮೂಲಾಧಾರ, ಅನಾಹತ ಎಲ್ಲ ತಪ್ಪು ಕಾಗುಣಿತದಲ್ಲಿ ಕೂತಿದ್ದವು. ನೀನಿದ್ದಿದ್ದರೆ ಕೆಂಪು ಪೆನ್ನು ತೆಗೆಯುತ್ತಿದ್ದೆ.

ಅವರ ಮುಖ್ಯ ಅಭ್ಯಾಸಕ್ಕೆ ದಾರಿ ನಡೆಯುವುದು ಅಂತ ಹೆಸರು. ಎಲ್ಲರೂ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚುತ್ತಾರೆ. ಮೊರೀನ್ ಒಂದು ನೋಟ್‌ಬುಕ್ಕಿನಿಂದ ನಿಧಾನವಾಗಿ ಓದುತ್ತಾರೆ. ನೀನು ಒಂದು ಕೋಣೆಯಲ್ಲಿದ್ದೀಯ, ಎದುರು ಪರದೆ ಇದೆ, ಪರದೆ ಸರಿಸು, ಮುಸ್ಸಂಜೆಯ ದಾರಿ ಕಾಣುತ್ತದೆ, ಎರಡೂ ಕಡೆ ನೀರಂಚಿನ ಗಿಡ, ನಡೆ, ಹೀಗೆ. ಸ್ವಲ್ಪ ದೂರ ಹೋದ ಮೇಲೆ ಹೋದ ಹಾಗೇ ಹಿಂದಕ್ಕೆ ಕರೆದುಕೊಂಡು ಬರುತ್ತಾರೆ. ಕಾಲನ್ನು ಮೂರು ಸಲ ನೆಲಕ್ಕೆ ತಟ್ಟಬೇಕು. ಕಂಡದ್ದನ್ನು ಪ್ರತಿಯೊಬ್ಬರೂ ಬರೆದಿಡಬೇಕು. ಆಮೇಲೆ ಚಹಾ, ಬಿಸ್ಕತ್ತು. ಹೊಟ್ಟೆಗೆ ಏನಾದರೂ ಬಿದ್ದರೆ ಮನಸ್ಸು ಈ ಲೋಕಕ್ಕೆ ಮರಳುತ್ತದಂತೆ. ಒಂದೇ ಒಂದು ಕಟ್ಟುನಿಟ್ಟು: ಅಲ್ಲಿ ಯಾರು ಕಂಡರೂ ಕರೆಯಬಾರದು, ಅಲ್ಲಿಂದ ಯಾವುದನ್ನೂ ಇಲ್ಲಿಗೆ ತರಬಾರದು.

ಮೊದಲ ದಿನವೇ ನನಗೆ ಅವರು ಓದಿದ್ದು ಕಾಣಿಸಲಿಲ್ಲ. ಪರದೆ ಸರಿಸಿದರೆ ನಾಲೆ ಏರಿ. ನಮ್ಮ ಪಾಂಡವಪುರದ ನಾಲೆ, ಅಮ್ಮ. ಎಡಗಡೆ ತುಂಬಿದ ನೀರು, ಬಲಗಡೆ ಕಬ್ಬು, ಸುಣ್ಣ ಹೊಡೆದ ಮೈಲಿಗಲ್ಲು. ಮುಂದೆ ಸುಮಾರು ಐವತ್ತು ಮಾರು ದೂರದಲ್ಲಿ ಒಬ್ಬರು ನಡೆದುಕೊಂಡು ಹೋಗುತ್ತಿದ್ದರು. ಅರ್ಧ ತೋಳಿನ ಅಂಗಿ, ಕಂಕುಳಲ್ಲಿ ಮಡಚಿದ ಕೊಡೆ. ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನನ್ನು ನಾನು ಬೇರೆ ಯಾರದ್ದಾದರೂ ಅಂದುಕೊಳ್ಳಲು ಹೇಗೆ ಸಾಧ್ಯ? ನೀರಾವರಿ ಇಲಾಖೆಯ ತಪಾಸಣೆಗೆ ಹೊರಟರೆ ಅಪ್ಪ ಹಾಗೇ ಅಲ್ಲವಾ ಹೋಗುತ್ತಿದ್ದದ್ದು, ಎಡಭುಜ ಒಂದಿಷ್ಟು ಇಳಿಬಿಟ್ಟುಕೊಂಡು.

ಮನಸ್ಸಿನ ಆಟ ಅಂದುಕೊಂಡೆ. ಕಣ್ಣು ಮುಚ್ಚಿ ದಾರಿ ನೆನೆ ಅಂದರೆ ನನಗೆ ಇನ್ನಾವ ದಾರಿ ನೆನಪಾಗಬೇಕು. ಹಾಳೆಯ ಮೇಲೆ ಬರೀ ‘ನೀರು, ಗಿಡ’ ಅಂತ ಬರೆದೆ. ನನ್ನ ಪಕ್ಕ ಡೆರೆಕ್ ಅನ್ನುವವರು ಕೂರುತ್ತಾರೆ. ಕಾರ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಗೇರ್‌ಬಾಕ್ಸ್ ಜೋಡಿಸಿದವರು, ದಪ್ಪ ಕೈ, ಮಾತು ಕಡಿಮೆ. ಕಿವಿ ಕೇಳುವುದಿಲ್ಲ. ಮೊರೀನ್ ಓದುವುದು ಅವರಿಗೆ ಬಾಯಿಪಾಠ, ಹಾಗಾಗಿ ಕೆಳಗಿನ ಮಕ್ಕಳ ಗಲಾಟೆ ಬೇಡ ಅಂತ ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿಕೊಂಡೇ ಕೂರುತ್ತಾರೆ. ಅವತ್ತು ಚಹಾ ಹೊತ್ತಿನಲ್ಲಿ ಅವರು ತಮ್ಮ ಹಾಳೆ ಓದಿದರು. ಇಷ್ಟು ವರ್ಷದಲ್ಲಿ ಕಂಡಿರದ ಒಬ್ಬ ಮನುಷ್ಯ ಇವತ್ತು ನಮ್ಮ ಮುಂದೆ ನಡೆಯುತ್ತಿದ್ದ, ಮಳೆಯಿಲ್ಲದಿದ್ದರೂ ಕಂಕುಳಲ್ಲಿ ಕೊಡೆ ಇತ್ತು, ಯಾರೋ ಜೊತೆಗೆ ನೆಂಟರನ್ನು ಕರೆದುಕೊಂಡು ಬಂದ ಹಾಗಿತ್ತು, ಅಂತ. ನನ್ನ ಕೈಯಲ್ಲಿದ್ದ ಬಿಸ್ಕತ್ತು ಚಹಾದಲ್ಲಿ ಕರಗಿ ಹೋಗಿದ್ದು ನನಗೆ ಗೊತ್ತೇ ಆಗಲಿಲ್ಲ.

ಆಮೇಲೆ ಒಂದು ಶನಿವಾರವನ್ನೂ ಬಿಡಲಿಲ್ಲ. ಪ್ರತಿ ಸಲವೂ ಅಪ್ಪ ಅಷ್ಟೇ ದೂರ. ನಾನು ಓಡಿದರೂ ಅಷ್ಟೇ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೇಜಿನ ಮುಂದೆಯೇ ಕಣ್ಣು ಮುಚ್ಚಿ ಒಬ್ಬನೇ ಹೋಗತೊಡಗಿದೆ. ಗೇಮ್‌ನ ದಾರಿಯಲ್ಲೂ ಅದೇ ನಾಲೆ ಬಿಡಿಸಿದೆ, ದೂರದಲ್ಲಿ ಕೊಡೆ ಹಿಡಿದು ನಡೆಯುವ ಒಂದು ಆಕೃತಿ ಇಟ್ಟೆ. ನಡೆಯುವುದು ಬಿಟ್ಟು ಅದಕ್ಕೆ ಬೇರೇನೂ ಕಲಿಸಿರಲಿಲ್ಲ. ಮುಖವನ್ನೂ ಮಾಡಿರಲಿಲ್ಲ, ನನ್ನಿಂದ ಆಗಲಿಲ್ಲ. ಎಲ್ಲರೂ ಮೆಚ್ಚಿದರು.

ಸೆಪ್ಟೆಂಬರ್‌ನ ಎರಡನೇ ಶನಿವಾರ ನಾನು ತಪ್ಪು ಮಾಡಿದೆ. ಯಾಕೆ ಮಾಡಿದೆ ಅನ್ನುವುದಕ್ಕೆ ಮೊದಲು ನಿನಗೆ ಇನ್ನೊಂದು ಹೇಳಬೇಕು. ಏಳು ವರ್ಷದಿಂದ ಹೇಳಿಲ್ಲ. ಅಪ್ಪ ಕಾಣೆಯಾದ ದಿನ ಬೆಳಿಗ್ಗೆ ಆರೂಹತ್ತಕ್ಕೆ ನನಗೆ ಫೋನ್ ಮಾಡಿದ್ದರು. ನಾನು ಬೆಂಗಳೂರಿನ ಹಾಸ್ಟೆಲಿನಲ್ಲಿ ಮಲಗಿದ್ದೆ. ಹೆಸರು ನೋಡಿ ಕಟ್ ಮಾಡಿ ಮಗ್ಗುಲಾದೆ. ಆಮೇಲೆ ಮಾಡೋಣ ಅಂದುಕೊಂಡೆ. ಪೊಲೀಸರು ಕೇಳಿದಾಗ ಅದೇನೋ ತಪ್ಪಿ ಬಂದ ಕರೆ ಅಂದೆ, ನೀನು ಕೇಳಲೇ ಇಲ್ಲ. ನಾಲೆಯ ನೀರು ನಿಲ್ಲಿಸಿ ಮೂರು ದಿನ ಹುಡುಕಿದಾಗ ಏರಿಯ ಮೇಲೆ ನಿನ್ನ ಪಕ್ಕ ನಿಂತಿದ್ದೆನಲ್ಲ, ಆಗಲೂ ಅದೇ ತಲೆಯಲ್ಲಿತ್ತು. ಅವರು ಏನು ಹೇಳಲು ಮಾಡಿದ್ದರು ಅಂತ. ಆ ಶನಿವಾರ ನನಗೆ ತಡೆಯಲಾಗಲಿಲ್ಲ. ಗಟ್ಟಿಯಾಗಿ ಅಪ್ಪಾ ಅಂತ ಕರೆದುಬಿಟ್ಟೆ. ಎಲ್ಲರೂ ಬೆಚ್ಚಿ ಕಣ್ಣು ಬಿಟ್ಟರಂತೆ. ನನ್ನ ಕಣ್ಣು ಮುಚ್ಚೇ ಇತ್ತು. ಅಪ್ಪ ನಿಂತರು. ತಿರುಗಲಿಲ್ಲ, ಬರೀ ನಿಂತರು. ಮೊರೀನ್ ನನ್ನ ಭುಜ ಹಿಡಿದು ಅಲುಗಿಸಿ ಎಬ್ಬಿಸಿದರು. ಬೈಯಲಿಲ್ಲ. ಆದರೆ ಆ ಕೊಡೆಯವರು ನನ್ನ ಅಪ್ಪ ಅಂತ ಚಹಾ ಹೊತ್ತಿನಲ್ಲಿ ಎಲ್ಲರಿಗೂ ನನ್ನ ಬಾಯಿಂದಲೇ ಹೇಳಿಸಿದರು.

ಸೋಮವಾರ ಗಾನವಿ ನನ್ನ ಮೇಜಿನ ಹತ್ತಿರ ಬಂದಳು. ಹಾಸನದ ಹುಡುಗಿ, ಗೇಮ್‌ನಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಕೊವೆಂಟ್ರಿಯ ವಿಷಯ ಅವಳಿಗೆ ಏನೂ ಗೊತ್ತಿಲ್ಲ. “ನಿಮ್ಮ ದಾರಿಯಲ್ಲಿ ಹೋಗ್ತಿರ್ತಾರಲ್ಲ ಕೊಡೆ ಅಂಕಲ್, ಅವರು ಯಾಕೆ ನಿಂತ್ಬಿಟ್ಟಿದ್ದಾರೆ?” ಅಂದಳು. ಹೋಗಿ ನೋಡಿದೆ. ಮೂರನೇ ಮೈಲಿಗಲ್ಲಿನ ಪಕ್ಕ ಆಕೃತಿ ನಿಂತಿತ್ತು. ಉಸಿರಾಡುತ್ತಿರುವವರ ಹಾಗೆ ಭುಜ ಮೆಲ್ಲಗೆ ಏರಿಳಿಯುತ್ತಿತ್ತು. ಫೈಲು ತೆರೆದು ಸಾಲು ಸಾಲು ನೋಡಿದೆ, ನಿಲ್ಲು ಅಂತ ಎಲ್ಲೂ ಇಲ್ಲ. ಅಳಿಸಿದೆ. ಅದೇ ವಾರ ಡೆರೆಕ್ ಫೋನ್ ಮಾಡಿದರು, ಅಲ್ಲಿಯವರೆಗೆ ಒಂದು ದಿನವೂ ಮಾಡಿದವರಲ್ಲ. ಕೊವೆಂಟ್ರಿಯ ಬಸ್ ನಿಲ್ದಾಣದಲ್ಲಿ ಹಾಡುಹಗಲಲ್ಲಿ ನಿಮ್ಮವರನ್ನು ಕಂಡೆ ಅಂದರು. ಬಸ್ಸು ಬಂದಾಗಲೆಲ್ಲ ಒಂದು ಹೆಜ್ಜೆ ಮುಂದೆ ಇಡುವುದು, ಬೋರ್ಡು ನೋಡುವುದು, ಮತ್ತೆ ಹಿಂದೆ ಸರಿದು ನಿಲ್ಲುವುದು. ಇವರು ತಮ್ಮ ಬಸ್ಸು ಬಿಟ್ಟು ಹತ್ತಿರ ಹೋಗುವ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ. ಫೋನ್ ಇಡುವ ಮೊದಲು ಡೆರೆಕ್ ಇಷ್ಟು ಹೇಳಿದರು: “ಹೆದರಿಸೋಕೆ ಬಂದವರಲ್ಲ ಅವರು. ಯಾರಾದರೂ ಏನಾದರೂ ಹೇಳಲಿ ಅಂತ ಕಾಯ್ತಿದ್ದಾರೆ.”

ಅಮ್ಮ, ನನಗೆ ಆ ವಾರ ಜ್ವರ ಬಂತು. ಯಾರನ್ನು ಕೇಳುವುದು? ನಮ್ಮ ಗೇಮ್‌ನ ಹೀಬ್ರೂ ಅಕ್ಷರ ತಿದ್ದಿಕೊಟ್ಟ ಹಿರಿಯರೊಬ್ಬರು ಲೀಡ್ಸ್‌ನಲ್ಲಿದ್ದರು, ಹೈಮನ್ ಅಂತ. ಎಂಬತ್ತೊಂದು ವರ್ಷದ ಯಹೂದಿ, ಗಣಿತದ ಮೇಷ್ಟ್ರಾಗಿದ್ದವರು. ಇಮೇಲ್ ಬರೆದೆ. ಭಾನುವಾರ ಬಾ ಅಂದರು. ಬರ್ಮಿಂಗ್ಹ್ಯಾಮ್‌ನಲ್ಲಿ ಗಾಡಿ ಬದಲಿಸಿ ಹೋದೆ. ಚಿಕ್ಕ ಫ್ಲ್ಯಾಟು, ಸೋಫಾದ ಮೇಲೂ ಪುಸ್ತಕ. ಎಲ್ಲ ಹೇಳಿದೆ. ಅವರು ನಗಲಿಲ್ಲ, ಬೆರಗಾಗಲೂ ಇಲ್ಲ. ನಮ್ಮಲ್ಲಿ ಇದನ್ನು ನಲವತ್ತು ದಾಟಿದ ಮೇಲೆ, ಸಂಸಾರ ಕಟ್ಟಿಕೊಂಡು, ಶಾಸ್ತ್ರವೆಲ್ಲ ಓದಿದ ಮೇಲೆ ಮುಟ್ಟು ಅನ್ನುವ ವಾಡಿಕೆ ಇತ್ತು, ನಿಮ್ಮ ಮೊರೀನ್‌ರ ಕೂಟದವರು ಚಿತ್ರವನ್ನು ಮಾತ್ರ ತೆಗೆದುಕೊಂಡು ಹೋದರು ಅಂದರು. ನಮ್ಮಜ್ಜಿ ಊಟ ಮಾಡುತ್ತಿದ್ದ ತಟ್ಟೆಯನ್ನು ಬೇರೆಯವರ ಮನೆಯ ಗೋಡೆಗೆ ಅಲಂಕಾರಕ್ಕೆ ನೇತುಹಾಕಿದ್ದು ನೋಡಿದ ಹಾಗೆ ಆಗುತ್ತದೆ ಅಂತ ಹೇಳಿದರು. ಸಿಟ್ಟಿನಿಂದಲ್ಲ. ಆಮೇಲೆ, ಸತ್ತವರನ್ನು ವಿಚಾರಿಸುವುದು ನಮಗೆ ನಿಷಿದ್ಧ, ಆ ವಿಷಯದಲ್ಲಿ ನಾನು ಸಹಾಯ ಮಾಡಲಾರೆ ಅಂದರು. ನನ್ನ ಅಪ್ಪ ಸತ್ತಿಲ್ಲ, ಕಾಣೆಯಾಗಿದ್ದಾರೆ ಅಂದೆ. ಅವರು ಕೇಳಿದರು: “ಹಾಗಾದರೆ ನಿನ್ನ ತಾಯಿ?”

ಅಲ್ಲಿಯವರೆಗೆ ನಾನು ಹೇಳಿದ ಕಥೆಯಲ್ಲಿ ನೀನು ಎಲ್ಲೂ ಇರಲಿಲ್ಲ ಅಮ್ಮ. ನನಗೆ ನಾಚಿಕೆಯಾಯಿತು.

ಗಂಡ ಸತ್ತನೋ ಬದುಕಿದ್ದಾನೋ ತಿಳಿಯದ ಹೆಂಗಸಿಗೆ ಅವರ ಭಾಷೆಯಲ್ಲಿ ಒಂದು ಹೆಸರೇ ಇದೆಯಂತೆ. ಅಗುನಾ. ಕಟ್ಟಿಹಾಕಿದವಳು ಅಂತ ಅರ್ಥ. ಹೈಮನ್‌ರ ದೊಡ್ಡಮ್ಮನೇ ಹಾಗಿದ್ದರಂತೆ. ಯುದ್ಧದಲ್ಲಿ ಗಂಡ ಕಾಣೆಯಾಗಿ, ಲೀಡ್ಸ್‌ನ ಹೊಲಿಗೆ ಕಾರ್ಖಾನೆಯಲ್ಲಿ ದುಡಿಯುತ್ತ, ಐವತ್ತು ವರ್ಷ ಒಂದು ಮದುವೆಗೂ ಬಣ್ಣದ ಬಟ್ಟೆ ಉಡದೆ, ದುಃಖದ ಬಟ್ಟೆಯನ್ನೂ ಉಡದೆ ಹೋದರಂತೆ. ಇಂಥವರನ್ನು ಬಿಡಿಸಲು ಹಳೆಯ ಧರ್ಮಪಂಡಿತರು ಎಷ್ಟು ಪಾಡುಪಟ್ಟಿದ್ದಾರೆ ಅಂತ ಅವರು ಹೇಳಿದರು. ಬೇರೆ ಎಲ್ಲದಕ್ಕೂ ಇಬ್ಬರು ಸಾಕ್ಷಿ ಬೇಕು, ಇದಕ್ಕೆ ಒಬ್ಬ ಸಾಕು. ಕೆಲವು ಸಲ ಬರೀ ದನಿ ಸಾಕು. ಒಂದು ಊರಿನಲ್ಲಿ, ಇಂಥವನ ಮಗ ಇಂಥವನು ಸತ್ತ ಅಂತ ಒಂದು ದನಿ ಕೇಳಿಸಿತಂತೆ. ಹೋಗಿ ನೋಡಿದರೆ ಯಾರೂ ಇಲ್ಲ. ಆದರೂ ಪಂಡಿತರು ಆ ಹೆಂಡತಿಯನ್ನು ಬಿಡಿಸಿದರಂತೆ. ಬಾಗಿಲವರೆಗೆ ಬಂದು ಕೇಳಿದರು, ಅಲ್ಲಿ ನೀನು ತಂದೆಯನ್ನು ಏನಂತ ಕೇಳುತ್ತಿದ್ದೆ ಅಂತ. ಎಲ್ಲಿದ್ದೀರಿ ಅಂತ ಅಂದೆ. ಕೇಳಬೇಕಾದ್ದು ಅದಲ್ಲ ಅನ್ನುವ ಹಾಗೆ ಅವರು ತಲೆಯಾಡಿಸಿ ಬಾಗಿಲು ತೆರೆದರು.

ಅಪ್ಪನನ್ನು ಕರೆದ ಆ ದಿನದಿಂದ ಎಂಟು ವಾರ ಕೊವೆಂಟ್ರಿ ಕಡೆ ಹೋಗಿರಲಿಲ್ಲ. ಕಳೆದ ಶನಿವಾರ ಅಲ್ಲ, ಅದರ ಹಿಂದಿನ ಶನಿವಾರ, ಎಂಟನೇ ತಾರೀಕು ಹೋದೆ. ಮೊರೀನ್‌ಗೆ ಮೊದಲೇ ಹೇಳಿದೆ, ಇದು ಕೊನೆಯದು, ನಾನೊಂದು ಮಾತು ಕೇಳಲೇಬೇಕು ಅಂತ. ಅವರಿಗೆ ಇಷ್ಟವಿರಲಿಲ್ಲ. ಉಳಿದವರಿಗೆ ಅವತ್ತು ಬರಬೇಡಿ ಅಂತ ತಿಳಿಸಿ, ಎರಡು ಗಂಟೆಗೇ ನಾನು, ಅವರು, ಡೆರೆಕ್ ಮೂವರೇ ಕೂತೆವು. ಡೆರೆಕ್ ಎಂದಿನಂತೆ ಯಂತ್ರ ತೆಗೆದು ಜೇಬಿಗೆ ಹಾಕಿಕೊಂಡರು. ಕೆಳಗೆ ಮಕ್ಕಳು ಇನ್ನೂ ಬಂದಿರಲಿಲ್ಲ. ಪರದೆ ಸರಿಸಿದೆ. ಅಪ್ಪ ಮೂರನೇ ಕಲ್ಲಿನ ಹತ್ತಿರ ನಿಂತೇ ಇದ್ದರು. ಎರಡು ತಿಂಗಳು ಅಲ್ಲೇ ನಿಂತಿದ್ದವರ ಹಾಗೆ. ಈ ಸಲ ದೂರ ಕಡಿಮೆಯಾಯಿತು. ಅಂಗಿಯ ಬೆನ್ನು ಒದ್ದೆಯಾಗಿತ್ತು, ತಲೆಗೂದಲಿಂದ ನೀರು ಇಳಿಯುತ್ತಿತ್ತು, ಕೊಡೆ ಮಾತ್ರ ಒಣಗಿತ್ತು. ಪಕ್ಕಕ್ಕೆ ಹೋಗಿ ಮುಖ ನೋಡುವ ಧೈರ್ಯ ಬರಲಿಲ್ಲ. ಹಿಂದೆಯೇ ನಿಂತು, ತುಟಿ ಮಾತ್ರ ಅಲುಗುವ ಹಾಗೆ ಕೇಳಿದೆ. “ಅಪ್ಪಾ, ನೀವು ಇದ್ದೀರಾ?”

“ಇಲ್ಲಪ್ಪ. ನಿಮ್ಮಮ್ಮಂಗೆ ಇನ್ನೂ ಹೇಳಿಲ್ವಾ?”

ಮಾತು ಕನ್ನಡದ್ದೇ, ದನಿ ಅಪ್ಪನದಲ್ಲ. ಕಣ್ಣು ಬಿಟ್ಟೆ. ಡೆರೆಕ್ ಕಣ್ಣು ಮುಚ್ಚಿ, ಕೈ ತೊಡೆಯ ಮೇಲಿಟ್ಟು ಕೂತಿದ್ದರು. ಅವರ ತುಟಿ ಇನ್ನೂ ಅಲುಗುತ್ತಿತ್ತು. ಎಬ್ಬಿಸಿ ಯಂತ್ರ ಹಾಕಿಸಿ ಕೇಳಿದರೆ ತಾನು ಏನೂ ಮಾತಾಡಲಿಲ್ಲ ಅಂದರು. ನಿಮ್ಮ ತಂದೆ ಇವತ್ತು ನಡೆಯಲು ಶುರುಮಾಡಿದರು, ಕೊಡೆ ಬಿಚ್ಚಿಕೊಂಡು ಹೋದರು, ಅಷ್ಟು ಮಾತ್ರ ಕಂಡದ್ದು ಅಂದರು. ಮೊರೀನ್ ಮಾತ್ರ ಕೇಳಿಸಿಕೊಂಡಿದ್ದರು. ಅರ್ಥ ತಿಳಿಯದಿದ್ದರೂ ಕಿವಿಗೆ ಬಿದ್ದ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ ನೋಟ್‌ಬುಕ್ಕಿನ ಅಂಚಿಗೆ ಬರೆದುಕೊಂಡಿದ್ದರು. ನಾನು ಓದಿದೆ. ‘ಇಲ್ಲಪ್ಪ’ ಅನ್ನುವುದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ಇದು ದೇವರೋ ದೆವ್ವವೋ ನನ್ನ ತಲೆಯೋ ನನಗೆ ಗೊತ್ತಿಲ್ಲ. ಗೊತ್ತು ಅಂತ ನಿನ್ನ ಹತ್ತಿರ ನಟಿಸುವುದಿಲ್ಲ. ಆದರೆ ಅವತ್ತು ಚಹಾ ಕುಡಿದು, ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತು ಮನೆಯವರೆಗೂ ಅತ್ತೆ. ಪಕ್ಕದಲ್ಲಿದ್ದ ಹೆಂಗಸು ಟಿಶ್ಯೂ ಕೊಟ್ಟರು. ಏಳು ವರ್ಷದಲ್ಲಿ ನಾನು ಅತ್ತದ್ದು ಅದೇ ಮೊದಲ ಸಲ. ನೀನೂ ಅತ್ತಿಲ್ಲ, ನನಗೆ ಗೊತ್ತು. ಅಳುವುದು ಅಂದರೆ ಒಪ್ಪಿಕೊಂಡ ಹಾಗೆ ಅಂತ ಇಬ್ಬರೂ ತಡೆದುಕೊಂಡೇ ಬಂದೆವು. ಇನ್ನು ಆ ಕೊಠಡಿಗೆ ಹೋಗುವುದಿಲ್ಲ. ಆ ದಾರಿಯ ಚಿತ್ರವನ್ನು ಸ್ಟುಡಿಯೊದಲ್ಲಿ ಬೇರೆಯವರಿಗೆ ವಹಿಸಲು ಕೇಳಿಕೊಂಡೆ, ಒಪ್ಪಿದ್ದಾರೆ. ಆ ಬೆಳಗಿನ ಫೋನಿನ ವಿಷಯಕ್ಕೆ ನೀನು ನನ್ನನ್ನು ಬೈಯಬೇಕು ಅನ್ನಿಸಿದರೆ ಬೈ. ಆದರೆ ಫೋನ್ ಮಾಡಿಯೇ ಬೈ, ದನಿ ಕೇಳಬೇಕು.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಮಾತ್ರೆ ನುಂಗು. ಜನವರಿಯಲ್ಲಿ ಮೂರು ವಾರ ರಜೆ ಹಾಕಿದ್ದೇನೆ, ನೇರ ಊರಿಗೇ ಬರುತ್ತೇನೆ. ತಲೆ ನೇವರಿಸಿ ಹರಸು.

ನಿನ್ನ ಮಗ,
ಭುವನ್

ತಾ.ಕ.: ಅಂಚೆಗೆ ಹೊರಟವನು ಲಕೋಟೆ ಬಿಚ್ಚಿ ಮತ್ತೆ ಬರೆಯುತ್ತಿದ್ದೇನೆ, ಕೈಬರಹ ಕೆಟ್ಟಿದೆ, ಕ್ಷಮಿಸು. ಏಳು ವರ್ಷ ತುಂಬಿತು, ಇನ್ನು ಕೋರ್ಟಿನಲ್ಲಿ ಕೇಳಿ ವಿನಾಯಕಣ್ಣ ತೀರಿಕೊಂಡರು ಅಂತ ಬರೆಸಿಕೊಳ್ಳಬಹುದು ಅಂದು ಬಾಲಕೃಷ್ಣ ಚಿಕ್ಕಪ್ಪ ಆಗಸ್ಟ್‌ನಲ್ಲಿ ಕಾಗದ ಕಳಿಸಿದ್ದರಲ್ಲ, ಭುವನ್ ಮೊದಲು ಸಹಿ ಹಾಕಲಿ ಆಮೇಲೆ ನೋಡೋಣ ಅಂತ ನೀನು ಅವರಿಗೆ ಹೇಳಿದ್ದೆಯಂತೆ. ಗುರುವಾರ ಬರ್ಮಿಂಗ್ಹ್ಯಾಮ್‌ನ ನಮ್ಮ ಕಾನ್ಸುಲೇಟ್‌ಗೆ ಹೋಗಿ ಸಹಿ ಹಾಕಿ ಮೊಹರು ಹಾಕಿಸಿಕೊಂಡು ಬಂದೆ. ಇದರ ಜೊತೆಗೇ ಇದೆ. ಮೇಲೆ ಬರೆದದ್ದು ಯಾವುದನ್ನೂ ಅದರಲ್ಲಿ ಬರೆದಿಲ್ಲ, ಏಳು ವರ್ಷದಿಂದ ಸುದ್ದಿಯಿಲ್ಲ ಅಂತಷ್ಟೇ. ನೀನೂ ಹಾಕಿಬಿಡು. ಕುಂಕುಮ ಇಡು, ಬಿಡು, ಯಾರ ಮಾತೂ ಕೇಳಬೇಡ, ಅದು ನಿನ್ನ ಹಣೆ. ಇನ್ನೊಂದು. ಅವರು ಯಾವ ಹೊತ್ತಿಗಾದರೂ ಬರಬಹುದು ಅಂತ ಇಷ್ಟು ವರ್ಷ ಬೀದಿ ಬಾಗಿಲು ಬರೀ ಮುಂದಕ್ಕೆ ತಳ್ಳಿ ಮಲಗುತ್ತಿದ್ದೀಯಲ್ಲ. ಇವತ್ತಿನಿಂದ ಚಿಲಕ ಹಾಕಿಕೊಂಡು ಮಲಗಮ್ಮ.